ಉಸ್ತಾದನಿಗೆ ಕಾಯುವ ಮಕ್ಕಳು, ಬಡ್ಡಿ ಕಟ್ಟುವ ಅಪ್ಪಂದಿರು



ಟೊಮೊಟೊ ಬೆಲೆ ಬಿದ್ದಾಗ ನಾವು ಬೆಲೆಯ ಬಗ್ಗೆ ಮಾತಾಡುತ್ತೇವೆ, ಬೋರ್‌ವೆಲ್ ಸಾಲದ ಬಗ್ಗೆ ಮಾತಾಡುತ್ತೇವೆ. ಆಮೇಲೆ ಮನೆಯ ಹುಡುಗ "ಡ್ರೈವಿಂಗ್‌ಗೆ ಹೋಗ್ತೀನಿ ಕಣಪ್ಪಾ" ಅಂತ ಹೊರಟು ನಿಲ್ಲುತ್ತಾನಲ್ಲ, ಅದರ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ. ಸಭೆಯಲ್ಲಿ ಈ ಮಾತೆತ್ತಿದರೆ "ಇದು ಲಾರಿ ಮಾಲೀಕರ ವಿಚಾರ, ನಮಗ್ಯಾಕೆ ಗೌಡ್ರೇ" ಅಂತಾರೆ. ನಮಗಲ್ಲದೆ ಇನ್ಯಾರಿಗೆ?

ಹೊಸಕೋಟೆ, ಮಾಲೂರು, ಮುಳಬಾಗಿಲು, ಚಿಂತಾಮಣಿ ಕಡೆಯ ಹುಡುಗರು ಹಳೇ ಮದ್ರಾಸ್ ರಸ್ತೆ ಹಿಡಿದು ಬಂದು ಇಳಿಯುವುದು ಕೆ.ಆರ್. ಪುರದಲ್ಲಿ. ಭಾರಿ ಲಾರಿಗಳಿಗೆ ಹಗಲು ಹೊತ್ತು ನಗರದೊಳಗೆ ನಿರ್ಬಂಧ. ಅದಕ್ಕೆ ಕತ್ತಲಾಗಲಿ ಅಂತ ಲಾರಿಗಳು ಈ ಕಡೆ ಸಾಲುಗಟ್ಟಿ ನಿಂತಿರುತ್ತವೆ. ಆ ಸಾಲಿನ ಪಕ್ಕ ನಮ್ಮ ಹುಡುಗರೂ ನಿಂತಿರುತ್ತಾರೆ. ಲಾರಿ ಕಾಯುವುದು ರಾತ್ರಿಗೆ, ಹುಡುಗ ಕಾಯುವುದು ತನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟೇರಿಂಗ್ ಕೊಡುವ ಒಬ್ಬ ಉಸ್ತಾದನಿಗೆ.

ಕಾನೂನು ಏನನ್ನುತ್ತೆ ನೋಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಸಣ್ಣ ಗಾಡಿಯ ಲೈಸೆನ್ಸ್ ಪಡೆದು ಒಂದು ವರ್ಷ ಕಳೆಯದೆ ದೊಡ್ಡದರ ಕಲಿಕೆ ಲೈಸೆನ್ಸೂ ಸಿಗದು. ಸಿಕ್ಕ ಕಲಿಕೆ ಲೈಸೆನ್ಸಿನ ಆಯುಸ್ಸು 6 ತಿಂಗಳು. ಆ 6 ತಿಂಗಳಲ್ಲಿ ಲೈಸೆನ್ಸುಳ್ಳ ಗುರು ಪಕ್ಕದಲ್ಲಿ ಕೂತಿರಬೇಕು. ಇದೆಲ್ಲ ಸರಿಯೇ, ರಸ್ತೆಯಲ್ಲಿ ಹೋಗುವವರ ಜೀವದ ಪ್ರಶ್ನೆ. ಆದರೆ ಆ ಗುರುವನ್ನು ಎಲ್ಲಿಂದ ತರಬೇಕು ಅಂತ ಕಾಯ್ದೆಯಲ್ಲಿ ಬರೆದಿಲ್ಲ!

ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟಿದರೆ ಸರ್ಟಿಫಿಕೇಟು ಬರುತ್ತೆ. 2021ರಲ್ಲಿ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಭಾರಿ ವಾಹನಕ್ಕೆ 6 ವಾರದೊಳಗೆ 38 ಗಂಟೆ ಪಾಠ, ಅದರಲ್ಲೂ ಒಂದಷ್ಟು ಗಂಟೆ ಬರೀ ಬೆಂಚಿನ ಮೇಲೆ. ಹತ್ತಿಪ್ಪತ್ತು ಟನ್ ಹೇರಿದ ಗಾಡಿ ಘಾಟಿ ಇಳಿಯುವಾಗ ಯಾವ ಗೇರಿನಲ್ಲಿರಬೇಕು, ಹಗ್ಗ ಎಲ್ಲಿ ಬಿಗಿಯಬೇಕು, ನಿದ್ದೆ ಎಳೆದಾಗ ಎಲ್ಲಿ ನಿಲ್ಲಿಸಬೇಕು, ಇದು ಬೆಂಚಿನ ಮೇಲೆ ಬಾರದು. ಹಿಂದೆ ಇದನ್ನು ಕಲಿತದ್ದು ಕ್ಲೀನರ್ ಸೀಟಿನಲ್ಲಿ. ಟಾರ್ಪಾಲು ಕಟ್ಟಿ, ಸ್ಟೆಪ್ನಿ ಬದಲಿಸಿ, ಉಸ್ತಾದನಿಗೆ ಟೀ ತಂದುಕೊಟ್ಟು, ಬೈಗುಳ ತಿಂದು ವರ್ಷಗಟ್ಟಲೆ ಕಲಿತರು. ಆ ಪದ್ಧತಿ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ. ಊಟ, ಬಾಟಾ ಬಿಟ್ಟರೆ ಕೈಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಸೀಟಾದರೂ ಇತ್ತು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಡ್ರೈವರು ಇರಬೇಕೆಂಬ ನಿಯಮವನ್ನೂ 2018ರಲ್ಲಿ ಸಡಿಲಿಸಿದರು. ಮಾಲೀಕನಿಗೆ ಒಂದು ಸಂಬಳ ಉಳಿಯಿತು. ಎರಡನೇ ಸೀಟಿನಲ್ಲಿ ಕೂತು ಕೈ ಪಳಗಿಸಿಕೊಳ್ಳಬೇಕಾಗಿದ್ದ ಹುಡುಗ ರಸ್ತೆ ಬದಿಗೆ ಬಂದ.

ಉಸ್ತಾದನನ್ನು ಬೈಯಬೇಡಿ. ಕಲಿಸಿದ್ದಕ್ಕೆ ಅವನಿಗೆ ಒಂದು ಕಾಸು ಹೆಚ್ಚಿಗೆ ಬರಲ್ಲ. ಹುಡುಗ ಗಾಡಿ ತಾಗಿಸಿದರೆ ಮಾಲೀಕ ಕೇಳೋದು ಇವನನ್ನ, ಲೋಡು ತಡವಾದರೆ ಬೈಗುಳವೂ ಇವನಿಗೇ. ಮೇಲಾಗಿ ನಾಳೆ ತನ್ನ ಕೆಲಸಕ್ಕೇ ಕಡಿಮೆ ಸಂಬಳದವನನ್ನು ತಾನೇ ತಯಾರು ಮಾಡಿದಂತಾಗುತ್ತೆ. ನೀವಾಗಿದ್ದರೆ ಕಲಿಸುತ್ತಿದ್ದಿರಾ?

ಇನ್ನು ಅಪ್ಪನ ಲೆಕ್ಕಕ್ಕೆ ಬನ್ನಿ. ಸ್ಕೂಲು, ಲೈಸೆನ್ಸು, ರೂಮು ಬಾಡಿಗೆ ಅಂತ 30,000 ರೂಪಾಯಿ ಕೈಸಾಲ ತಂದ ಅಂತಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಹಿಡಿದರೆ ತಿಂಗಳಿಗೆ 900. ಒಂದು ವರ್ಷದ ಕಾಯುವಿಕೆ, ಮೇಲೆ ಕಲಿಕೆ ಲೈಸೆನ್ಸಿನ 6 ತಿಂಗಳು ಸೇರಿ 18 ತಿಂಗಳಿಗೆ 16,200. ಹುಡುಗ ಒಂದು ಲೋಡು ಎಳೆಯುವ ಮೊದಲೇ ಅಸಲಿನ ಅರ್ಧಕ್ಕಿಂತ ಹೆಚ್ಚು ಬಡ್ಡಿಗೆ ಹೋಯಿತು. ಅಷ್ಟರೊಳಗೆ ಗುರು ಸಿಗದಿದ್ದರೆ ಮತ್ತೆ ಅರ್ಜಿ, ಮತ್ತೆ ಫೀಸು. ಹೊಲದಲ್ಲಿ ಎರಡು ಕೈ ಕಡಿಮೆಯಾದದ್ದನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ತಮಾಷೆ ಕೇಳಿ. 2019ರಲ್ಲಿ ಡ್ರೈವರಿಗೆ ಎಂಟನೇ ಕ್ಲಾಸು ಕಡ್ಡಾಯ ಎಂಬ ನಿಯಮ ತೆಗೆಯುವಾಗ ಕೇಂದ್ರ ಸರಕಾರವೇ ಹೇಳಿತು, ದೇಶದಲ್ಲಿ ಸುಮಾರು 22 ಲಕ್ಷ ಡ್ರೈವರುಗಳ ಕೊರತೆ ಅಂತ. ಕೊರತೆಯೂ ಇದೆ, ಕಾಯುವವರೂ ಇದ್ದಾರೆ! 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು 7,500 ಕೆ.ಜಿ. ಒಳಗಿನ ಸಾಗಣೆ ಗಾಡಿಯನ್ನು ಸಣ್ಣ ಗಾಡಿಯ ಲೈಸೆನ್ಸಿನಲ್ಲೇ ಓಡಿಸಬಹುದು ಎಂದಿತು. ಕೂಲಿಗೆ ದಾರಿಯಾಯಿತು, ನಿಜ. ಆದರೆ ಕಾರು ಕಲಿತ ಹುಡುಗ ನಾಳೆಯೇ ತರಕಾರಿ ಹೇರಿಕೊಂಡು ರಾತ್ರೋರಾತ್ರಿ ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಒಬ್ಬನೇ ಹೊರಡುತ್ತಾನೆ. ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇಲ್ಲ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಕ್ಲೀನರನ್ನೂ ಕಾರ್ಮಿಕ ಎಂದೇ ಕರೆದು, ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. ಆದರೆ ಅದು ಐವರು ಮತ್ತು ಮೇಲ್ಪಟ್ಟು ಕೆಲಸಗಾರರಿರುವ ಕಡೆಗೆ ಮಾತ್ರ. ಒಂದೆರಡು ಲಾರಿಯ ಮಾಲೀಕ ಹೊರಗುಳಿದ. ಈಗ ಅದೂ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ.

ನಾವು ಕೇಳಬೇಕಾದ್ದು ಇಷ್ಟು. ಕಲಿಯುವ ಹುಡುಗನನ್ನು ಗಾಡಿ ಹತ್ತಿಸಿಕೊಂಡ ದಿನದಿಂದಲೇ ಕೂಲಿ ಕೊಡಲಿ. ಯಾವ ಉಸ್ತಾದ, ಯಾವ ಗಾಡಿ, ಎಷ್ಟು ದಿನ ಅಂತ ಕಾಗದದಲ್ಲಿ ಬರೆಯಲಿ, ಉಸ್ತಾದನಿಗೂ ಟ್ರಿಪ್ಪಿಗಿಷ್ಟು ಅಂತ ಕಲಿಸುವ ಕೂಲಿ ಕಟ್ಟಲಿ. ಬಸ್ ನಿಗಮಗಳ ತರಬೇತಿ ಕೇಂದ್ರಗಳಲ್ಲಿ ರೈತರ ಮಕ್ಕಳಿಗೆ ಫೀಸಿಲ್ಲದೆ ಜಾಗ ಕೊಡಲಿ. ದೊಡ್ಡವರನ್ನು ಕೇಳುವ ಮೊದಲು ನಮ್ಮ ಕೈಯಲ್ಲಿರುವುದನ್ನು ನೋಡೋಣ. ಡೇರಿಗೆ ಹಾಲು ಹಾಕುವವರು ನಾವು, ಹಾಲಿನ ಟ್ಯಾಂಕರಿನಲ್ಲೂ ಒಂದು ಸೀಟು ಇರುತ್ತೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಸೀಟಿನಲ್ಲಿ ಕೂರುವವರು ಯಾರು ಅಂತ ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.