ಹಂಪೆಯನ್ನು ಅರ್ಧ ದಿನದಲ್ಲಿ ನೋಡಬಹುದೇ?

ನಮ್ಮ ಜನರಲ್ಲಿ ದೇಶಸಂಚಾರದ ಆಸೆಯು ಹೆಚ್ಚುತ್ತಿರುವದು ಸಂತೋಷದ ಸಂಗತಿ. ರಜೆ ಬಂದೊಡನೆ ಹೆಂಡಿರು ಮಕ್ಕಳೊಡನೆ ಹೊರಟು, ಬೆಟ್ಟ ಹೊಳೆಗಳನ್ನೂ ಪುರಾತನ ಪಟ್ಟಣಗಳನ್ನೂ ಕಂಡು ಬರುವವರು ಇಂದು ಊರೂರಿನಲ್ಲಿಯೂ ಇದ್ದಾರೆ. ವಿಹಾರಕ್ಕಾಗಿ ತಿರುಗುವದು ವ್ಯರ್ಥ ಕಾಲಹರಣವೆಂದು ಮೂಗು ಮುರಿಯುವವರ ಪಕ್ಷವು ನಮ್ಮದಲ್ಲ. ಆದರೆ ಈ ಸಂಚಾರವು ನಡೆಯುತ್ತಿರುವ ರೀತಿಯನ್ನು ಕಂಡರೆ ಖೇದವಾಗುತ್ತದೆ. ಹಂಪೆಯೊಂದರ ಉದಾಹರಣೆಯೇ ಸಾಕು.

ಮುಂಜಾನೆ ಹೊಸಪೇಟೆಯಲ್ಲಿಳಿದು, ವಿರೂಪಾಕ್ಷನಿಗೆ ಕೈಮುಗಿದು, ಕಲ್ಲಿನ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಊಟವಾದೊಡನೆ ತುಂಗಭದ್ರಾ ಆಣೆಕಟ್ಟಿನತ್ತ ಓಡಿ, ರಾತ್ರಿಯ ಗಾಡಿಗೆ ಮರಳುವದು: ಇದಕ್ಕೆ ಹಂಪೆಯನ್ನು ನೋಡಿ ಬಂದೆವೆಂದು ಹೆಸರು! ರಥದ ದರ್ಶನವೊಂದೇ ಉದ್ದೇಶವಾಗಿದ್ದರೆ ಅದು 2017ರಿಂದ 50 ರೂಪಾಯಿಯ ನೋಟಿನ ಮೇಲೆ ಅಚ್ಚಾಗಿದೆ. ಮನೆಯಲ್ಲಿ ಕುಳಿತೇ ನೋಡಬಹುದಾಗಿತ್ತು.

ಸುಮಾರು 1520ರಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ, ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಈ ನಗರಕ್ಕೆ ಬಂದನು. ಯಾವ ಒಂದು ಸ್ಥಳದಲ್ಲಿ ನಿಂತರೂ ಊರೆಲ್ಲವೂ ಕಾಣುವದಿಲ್ಲವೆಂದು ಅವನು ಗುಡ್ಡವನ್ನು ಹತ್ತಿದನು. ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ. ಕಂಡಷ್ಟೇ ರೋಮ್ ನಗರದಷ್ಟು ದೊಡ್ಡದೆಂದು ಬೆರಗಾಗಿ ಬರೆದಿಟ್ಟನು. ಗುಡ್ಡ ಹತ್ತಿದವನಿಗೇ ಪೂರ್ತಿ ದಕ್ಕದ ಪಟ್ಟಣವು ಓಡುವ ಮೋಟಾರಿನ ಕಿಟಕಿಯಿಂದ ನಮಗೆ ದಕ್ಕೀತೇ? 1565ರ ಯುದ್ಧದ ತರುವಾಯ ಅದು ಹಾಳಾಯಿತು, ನಿಜ. ಆದರೂ ಅಚ್ಯುತರಾಯನ ದೇಗುಲದ ಮುಂದಿನ ಬರಿದಾದ ಪೇಟೆಬೀದಿ, ಮಹಾನವಮಿ ದಿಬ್ಬದ ಸುತ್ತಣ ಅರಮನೆಯ ತಳಪಾಯಗಳು, ಅರಸರ ಕಾಲದ ಕಾಲುವೆಯ ನೀರುಂಡು ಇಂದಿಗೂ ಹಸುರಾಗಿರುವ ಬಾಳೆಯ ತೋಟಗಳು, ಹೊಳೆಯಾಚೆಯ ಆನೆಗೊಂದಿ, ಇವೆಲ್ಲ ನಡೆದು ನೋಡುವವರ ಪಾಲಿಗೆ ಇನ್ನೂ ಉಳಿದಿವೆ.

1905ರಲ್ಲಿ ಆಲೂರ ವೆಂಕಟರಾಯರೂ ಈ ಹಾಳೂರನ್ನು ನೋಡಲೆಂದೇ ಹೋಗಿದ್ದರು. ಅಲ್ಲಿ ಕಂಡದ್ದು ಅವರನ್ನು ಬಿಡಲಿಲ್ಲ. 1917ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಂತು, ಹರಿದು ಹಂಚಿಹೋಗಿದ್ದ ನಾಡು 1956ರ ನವೆಂಬರ 1ರಂದು ಒಂದಾಯಿತು. ಈ ಮಹಾಕಾರ್ಯಕ್ಕೆ ದುಡಿದವರು ಸಾವಿರಾರು ಜನ. ಆದರೆ ಕುಲಪುರೋಹಿತರೆನಿಸಿದವರ ಎದೆಯಲ್ಲಿ ಕಿಡಿ ಹೊತ್ತಿದ್ದು ಒಂದು ಪ್ರವಾಸದಲ್ಲಿ ಎಂಬುದನ್ನು ಮರೆಯಲಾಗದು.

ಅವಸರದ ಕಣ್ಣಿಗೆ ಕಲ್ಲು ಬರಿಯ ಕಲ್ಲೇ. 2019ರಲ್ಲಿ ಕೆಲವು ತರುಣರು ಇಲ್ಲಿಯ ದೇಗುಲವೊಂದರ ಕಂಬವನ್ನು ಆಟಕ್ಕೆಂದು ಕೆಡವಿದರು. ನ್ಯಾಯಾಲಯವು ಒಬ್ಬೊಬ್ಬರಿಗೂ 70,000 ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬವನ್ನು ಎತ್ತಿ ನಿಲ್ಲಿಸಿತು. ಶಿಕ್ಷೆಯು ಉಚಿತವೇ, ಆದರೆ ಊರಿನ ಕಥೆಯನ್ನು ಒಮ್ಮೆ ಕುಳಿತು ಕೇಳಿದ್ದರೆ ಅವರ ಕೈ ಏಳುತ್ತಿತ್ತೇ?

ಕಥೆ ಹೇಳುವ ಜನರೂ ಅಲ್ಲಿ ಇರಬೇಕಷ್ಟೆ. 2011ರಲ್ಲಿ ವಿರೂಪಾಕ್ಷನ ಬೀದಿಯ ಮಂಟಪಗಳಲ್ಲಿದ್ದ ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಕಲ್ಲನ್ನು ಕಾಯುವದು ಧರ್ಮವೇ. ಕಲ್ಲಿನ ಮಗ್ಗುಲಿನ ಮನುಷ್ಯನನ್ನು ಮರೆಯುವದು ಧರ್ಮವಲ್ಲ. ಅರ್ಧ ದಿನದ ಪ್ರವಾಸಿಯು ಹಳ್ಳಿಗೆ ಬಿಟ್ಟುಹೋಗುವದು ಕಸವನ್ನು. ಎರಡು ರಾತ್ರಿ ತಂಗುವವನು ಒಂದು ಮನೆಯ ಒಲೆಯನ್ನು ಉರಿಸುತ್ತಾನೆ.

ಎಲ್ಲರಿಗೂ ಅಷ್ಟು ಬಿಡುವೂ ಹಣವೂ ಎಲ್ಲಿಯದು ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಹತ್ತು ಊರುಗಳನ್ನು ಮುಟ್ಟಿ ಓಡುವ ವೆಚ್ಚದಲ್ಲಿ ಒಂದೂರಿನಲ್ಲಿ ಮೂರು ದಿನ ಇರಬಹುದೆಂಬುದು ನಮ್ಮ ಮೊದಲನೆಯ ಉತ್ತರ. ಉಳಿದ ಹೊಣೆಯು ಸರಕಾರದ್ದು. ಬಡ ಕುಟುಂಬಗಳಿಗೆ ಎಟಕುವ ಬಾಡಿಗೆಯ ವಸತಿಗೃಹಗಳು, ಇತಿಹಾಸವನ್ನು ಬಲ್ಲ ಮಾರ್ಗದರ್ಶಕರು, ಸ್ಥಳಸ್ಥಳದಲ್ಲಿಯೂ ತಿಳಿಗನ್ನಡದ ವಿವರಣೆ, ಶಾಲೆಯ ಮಕ್ಕಳಿಗೆ ಒಂದು ರಾತ್ರಿಯಾದರೂ ತಂಗುವ ಅನುಕೂಲ, ಇವು ದೊಡ್ಡ ಬೇಡಿಕೆಗಳೇನೂ ಅಲ್ಲ.

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಪುಟ ಮಗುಚಿದ ಮಾತ್ರಕ್ಕೆ ಕೋಶವನ್ನು ಓದಿದಂತಾಗದು. ದೇಶದ ಮಾತೂ ಅದೇ. ಬರುವ ರಜೆಯಲ್ಲಿ ನಾಡಬಾಂಧವರು ಒಂದೇ ಊರನ್ನು ಆರಿಸಿಕೊಳ್ಳಲಿ, ನಡೆದು ನೋಡಲಿ, ಅಲ್ಲಿಯವರೊಡನೆ ಕುಳಿತು ಉಣ್ಣಲಿ. ಅಂಥ ಪ್ರವಾಸದಿಂದ ಮನೆಗೆ ಮರಳುವವನು ಹೋದವನಿಗಿಂತ ದೊಡ್ಡವನಾಗಿರುವನು.