ಗಂಜಿನ ಗೋಡೆ ನಮ್ಮ ಮಕ್ಕಳಿಗೆ ಕೊಡಿ

ಊರಿಗೆ ನೆಂಟರು ಬಂದರೆ ಕಲಬುರಗಿಯವರು ತೋರಿಸುವ ಜಾಗಗಳು ಎಲ್ಲರಿಗೂ ಗೊತ್ತು: ಕೋಟೆ, ಬಂದೇನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧವಿಹಾರ. ನಾನು ಮೊದಲು ಕರೆದೊಯ್ಯುವುದು ನೆಹರು ಗಂಜಿಗೆ. ಅದೂ ತೊಗರಿ ಸುಗ್ಗಿಯಲ್ಲಿ, ಬೆಳಗ್ಗೆ. ಅಡತಿ ಅಂಗಡಿಗಳ ಮುಂದೆ ರಾಶಿ ಬಿದ್ದಿರುತ್ತದೆ. ಸವಾಲಿಗೆ ಬಂದವರು ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು, 'ಬಾಜೂ ಸರೀರಿ' ಅನ್ನುತ್ತಾ ನಡೆಯುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತೊಗರಿಬೇಳೆಯ ಕಥೆ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಕಾಳಿಗೆ ಎಣ್ಣೆ ಸವರಿ, ನೀರು ತೋರಿಸಿ, ಬಿಸಿಲಿಗೆ ಹಾಕಿ, ಸಿಪ್ಪೆ ಬಿಡಿಸಿ ಒಡೆಯುವ ದಾಲ್ ಮಿಲ್ಲುಗಳನ್ನು ನೋಡಿದ ನೆಂಟರು ಮನೆಗೆ ಹೋಗಿ ಸಾರು ಕುದಿಸುವಾಗ ನಮ್ಮೂರನ್ನು ನೆನೆಯುತ್ತಾರೆ.

ಆದರೆ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಗಂಜಿನಲ್ಲಿ ಒಂದು ಕೊರತೆ ಕಾಣುತ್ತದೆ. ಗೋದಾಮುಗಳ ಉದ್ದುದ್ದ ಗೋಡೆಗಳ ಮೇಲೆ ಜಾಹೀರಾತುಗಳೇ. ಸುಣ್ಣ ಬಳಿದ ಕಡೆಯೂ ಯಾವ ಊರಿಗಾದರೂ ಹೊಂದುವ ನವಿಲು, ಕಮಲ, ಜಲಪಾತ. ಜಲಪಾತ ಬರೆಯಲು ನಮಗೇನು ಕೆಲಸ? ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಬನ್ನಿ ಮರದ ನೆರಳಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಉಣ್ಣುವ ನಮ್ಮ ಅವ್ವಂದಿರನ್ನು ಬರೆಯಬೇಕು. ಸಿಪ್ಪೆ ಬಿಡಿಸುವ ಯಂತ್ರದ ಮುಂದೆ ನಿಂತ ಕಾರ್ಮಿಕನನ್ನು ಬರೆಯಬೇಕು.

ಕಲಾವಿದರಿಗೆ ಬರ ಇದೆಯೇ? ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ಮುಂಬೈಯಲ್ಲಿ ಹೆಸರು ಮಾಡಿದ ಎಸ್.ಎಂ. ಪಂಡಿತ್ 1916ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಅವರ ಹೆಸರಿನ ರಂಗಮಂದಿರ ಇಲ್ಲಿದೆ. ಚಿತ್ರಕಲಾ ಕಾಲೇಜುಗಳಿವೆ. ಪ್ರತಿ ವರ್ಷ ಹೊರಬರುವ ಮಕ್ಕಳು ಕೆಲಸ ಹುಡುಕಿ ಹೈದರಾಬಾದ್, ಬೆಂಗಳೂರು ಬಸ್ ಹತ್ತುತ್ತಾರೆ.

ಧೂಳಿನಲ್ಲಿ ಚಿತ್ರ ನಿಲ್ಲುವುದಿಲ್ಲ ಅನ್ನುತ್ತಾರೆ. ನಿಲ್ಲುವುದಿಲ್ಲ, ನಿಜ. ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಹೊಸದಾಗಿ ಬರೆದರಾಯಿತು. ಪ್ರತಿ ವರ್ಷದ ತಂಡಕ್ಕೂ ಒಂದೊಂದು ಗೋಡೆ ಸಿಗುತ್ತದೆ.

ಊಟದ ವಿಷಯದಲ್ಲೂ ನಮ್ಮದು ಇದೇ ಉದಾಸೀನ. ಗಂಜಿನ ಸುತ್ತ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೊಡುವ ಖಾನಾವಳಿಗಳಿವೆ. ರೈತರು, ಹಮಾಲರು ಅಲ್ಲೇ ಉಣ್ಣುತ್ತಾರೆ. ಪ್ರವಾಸಿಗೆ ಆ ದಾರಿ ತೋರಿಸುವ ಒಂದು ಫಲಕ ನನ್ನ ಕಣ್ಣಿಗೆ ಬಿದ್ದಿಲ್ಲ. ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಬಾಳೆಗೂ ಭೌಗೋಳಿಕ ಸೂಚಕ ಇದೆ. ಮಾಮೂಲಿ ಬಾಳೆಗಿಂತ ಅದು ಗೊನೆ ಬಲಿಯಲು ಹೆಚ್ಚು ಕಾಲ ಬೇಡುತ್ತದೆ. ಸುಮಾರು ಒಂದೂವರೆ ವರ್ಷ ನೀರು, ಗೊಬ್ಬರ ಕೊಟ್ಟು ಕಾದ ರೈತನಿಗೆ ಬೆಲೆ ಸಿಗದಿದ್ದರೆ ಯಾರು ಬೆಳೆಯುತ್ತಾರೆ? ಅಪ್ಪನ ಕೆರೆಯ ಪಕ್ಕದ ಪಬ್ಲಿಕ್ ಗಾರ್ಡನ್‌ನಲ್ಲಿ ಸಂಜೆ ಮಕ್ಕಳು ಪೊಟ್ಟಣದ ಚಿಪ್ಸ್ ತಿನ್ನುವುದು ನೋಡಿದಾಗ, ಅಲ್ಲೇ ಕಮಲಾಪುರದ ರೈತರಿಗೆ ಒಂದು ಕಟ್ಟೆ ಕೊಡಬಾರದೇ ಅನಿಸುತ್ತದೆ. ಉದ್ಯಾನದ ಒಂದು ಮೂಲೆಯಲ್ಲಿ ನಾಲ್ಕು ಕೆಂಬಾಳೆ ಗಿಡ ನೆಟ್ಟರೆ ಮಕ್ಕಳಿಗೆ ಅದರ ಕೆಂಪು ದಿಂಡಾದರೂ ಪರಿಚಯವಾಗುತ್ತದೆ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ, ಮಹಾನಗರ ಪಾಲಿಕೆ, ಅಡತಿ ವರ್ತಕರು ಕೂಡಿ ಕೂತರೆ ಸಾಕು. ಈ ಬೇಸಿಗೆಯಲ್ಲಿ ಗೋದಾಮು ಖಾಲಿಯಾದಾಗ ಒಂದೇ ಒಂದು ಗೋಡೆ ನಮ್ಮ ಮಕ್ಕಳಿಗೆ ಕೊಟ್ಟು ನೋಡಿ. ಬಣ್ಣದ ಖರ್ಚಿಗೆ ನನ್ನ ಪಿಂಚಣಿಯಿಂದ ಮೊದಲ ಪಾಲು ನಾನು ಕೊಡುತ್ತೇನೆ.