ಮಾರ್ಲ್‌ಬರೋ ಪದವಿಯ ಉತ್ತರಾಧಿಕಾರ: ಒಂದು ಪ್ರತಿಕ್ರಿಯೆ

ಮಾರ್ಲ್‌ಬರೋ ಡ್ಯೂಕ್ ಪದವಿಯು ತಂದೆಯಿಂದ ಮಗನಿಗೆ ಅವಿಚ್ಛಿನ್ನವಾಗಿ ಇಳಿದುಬಂದಿತೆಂದು ಕಳೆದ ಸಂಚಿಕೆಯಲ್ಲಿ ಪ್ರತಿಪಾದಿಸಿರುವ ಮಾತನ್ನು ನಾನು ಸರ್ವಥಾ ಒಪ್ಪಲಾರೆ. 1702ರಲ್ಲಿ ಆ ಪದವಿಯನ್ನು ಪಡೆದ ಸೇನಾನಿ ಜಾನ್ ಚರ್ಚಿಲ್ಲನ ಉಳಿದಿದ್ದ ಏಕಮಾತ್ರ ಪುತ್ರನು ಮರುವರ್ಷವೇ, ಕೇಂಬ್ರಿಜ್ಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ಸಿಡುಬಿಗೆ ತುತ್ತಾಗಲು, ಬಿರುದು ತಂದೆಯೊಡನೆಯೇ ಲುಪ್ತವಾಗದಂತೆ ಪಾರ್ಲಿಮೆಂಟು 1706ರಲ್ಲಿ ವಿಶೇಷ ಶಾಸನವನ್ನೇ ರಚಿಸಿ ಹೆಣ್ಣುಮಕ್ಕಳಿಗೂ ಅವರ ಸಂತತಿಗೂ ಉತ್ತರಾಧಿಕಾರವನ್ನು ವಿಧಿಸಿತು. ತತ್ಫಲವಾಗಿ 1722ರಲ್ಲಿ ತಂದೆ ಕಾಲವಶನಾದೊಡನೆ ಹಿರಿಯ ಮಗಳು ಹೆನ್ರಿಯೆಟ್ಟಾ ಸ್ವಂತ ಹಕ್ಕಿನಿಂದಲೇ ಡಚೆಸ್ ಆದಳು. ಹನ್ನೊಂದು ವರ್ಷ ಪದವಿಯನ್ನು ಧರಿಸಿದ್ದ ಈ ಮಹಿಳೆಯ ಹೆಸರನ್ನೇ ಲೇಖಕರು ಎತ್ತದಿರುವುದು ಅಕ್ಷಮ್ಯ. ಅವಳ ತರುವಾಯ ಅದು ಸಂದದ್ದು ತಂಗಿ ಆ್ಯನಳ ಮಗ ಚಾರ್ಲ್ಸ್ ಸ್ಪೆನ್ಸರನಿಗೆ. ಚರ್ಚಿಲ್ ಎಂಬ ಕುಲನಾಮವನ್ನು ಡ್ಯೂಕರು ಮತ್ತೆ ಸೇರಿಸಿಕೊಂಡದ್ದಾದರೋ 1817ರಲ್ಲಿ, ರಾಜಾನುಮತಿಯಿಂದ.